ಏಷ್ಯಾ ಇಲ್ಲೆ

ನಮ್ಮ ಮನೆಯ ಫ್ರಿಜ್ಜಿನ ಮೇಲೆ ಒಂದು ಭೂಗೋಳ ಕೂತಿದೆ. ಅದರಲ್ಲಿ ಏಷ್ಯಾ ಇಲ್ಲ. ಆಫ್ರಿಕಾ ಇದೆ, ಎರಡೂ ಅಮೆರಿಕಗಳಿವೆ, ಆಸ್ಟ್ರೇಲಿಯಾದ ಮೇಲೆ ಒಗ್ಗರಣೆಯ ಎಣ್ಣೆ ಸಿಡಿದಿದ್ದರೂ ಅದು ಅಲ್ಲಾಡದೆ ತನ್ನ ಜಾಗದಲ್ಲಿದೆ. ಏಷ್ಯಾ ಇರಬೇಕಾದಲ್ಲಿ ಮಾತ್ರ ಬೋಳು ಪ್ಲಾಸ್ಟಿಕ್ಕು, ನಮ್ಮ ಹೈಸ್ಕೂಲಿನ ಗಣಿತದ ಮೇಷ್ಟ್ರ ನೆತ್ತಿಯ ಹಾಗೆ ನುಣ್ಣಗೆ ಹೊಳೆಯುತ್ತದೆ. ಬಂದ ನೆಂಟರು ಕಾಫಿ ಕುಡಿಯುತ್ತ ಸುಮ್ಮನೆ ಅದನ್ನು ತಿರುಗಿಸುತ್ತಾರೆ. ಎರಡು ಸುತ್ತು ಆದಮೇಲೆ ಅವರ ಮುಖದಲ್ಲಿ ಕಳವಳ ಕಾಣಿಸಿಕೊಳ್ಳುತ್ತದೆ. "ಅಲ್ಲ, ನಾವೆಲ್ಲಿ ಹೋದ್ವಿ?" ಎಂದು ಕೇಳುತ್ತಾರೆ.

ನಮ್ಮ ಯಜಮಾನರಿಗೆ ಅದನ್ನು ಕಂಡರಾಗದು. ಫ್ರಿಜ್ಜು ಒರೆಸುವ ಸರದಿ ಬಂದಾಗಲೆಲ್ಲ "ಇದನ್ನ ಗುಜರಿಯವನಿಗೆ ಕೊಟ್ರೆ ಆಗದಾ?" ಎನ್ನುತ್ತಾರೆ. ನಾನು ಕೊಡುವುದಿಲ್ಲ. ಯಾಕೆಂದರೆ ಅದು ನನಗೆ ಬಂದದ್ದು ಒಂದು ಕೆಲಸ ಹೋದ ಲೆಕ್ಕದಲ್ಲಿ. ಆ ಕೆಲಸ ಹೋದದ್ದು ಒಂದು ದೀರ್ಘದಿಂದ. ದೀರ್ಘ ರಜೆಯೂ ಅಲ್ಲ, ದೀರ್ಘ ಕಾಯಿಲೆಯೂ ಅಲ್ಲ. ಒಂದನೇ ಕ್ಲಾಸಿನಲ್ಲಿ ಏತ್ವದ ಪಕ್ಕ ಕೊಡುವ ದೀರ್ಘ ಇದೆಯಲ್ಲ, ಅದು. ನಗಬೇಡಿ, ಅದರ ಕಥೆಯನ್ನೇ ಹೇಳಲು ಕೂತಿದ್ದೇನೆ.

ನಾನು ಸಾಗರದ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದೆ. ಈ 'ಅತಿಥಿ' ಎಂಬ ಪದವನ್ನು ನಮ್ಮ ಅಜ್ಜಿಗೆ ಅರ್ಥ ಮಾಡಿಸಲು ನನ್ನಿಂದ ಇವತ್ತಿನವರೆಗೆ ಆಗಿಲ್ಲ. ಕೆಲಸ ಸಿಕ್ಕಿದ ಹೊಸದರಲ್ಲಿ ಅವಳಿಗೆ ಖುಷಿಯೇ ಆಗಿತ್ತು. ವರ್ಷಗಳು ಉರುಳಿದ ಮೇಲೆ ಒಂದು ದಿನ ಹತ್ತಿರ ಕೂರಿಸಿಕೊಂಡು, "ಅಲ್ಲ ಯಶೋದಾ, ಅತಿಥಿ ಅಂದ್ರೆ ಮೂರು ದಿನಕ್ಕೆ ಹೊರಡ್ಬೇಕು. ನೀನು ಇಷ್ಟು ವರ್ಷ ಕೂತ್ರೆ ಅವ್ರು ಎಂತ ಅಂದ್ಕಳಲ್ಲ?" ಎಂದು ಮೆಲ್ಲಗೆ ಬುದ್ಧಿ ಹೇಳಿದಳು. ಅವಳ ಮಾತೂ ಸುಳ್ಳಲ್ಲ. ಅತಿಥಿಗೆ ಪ್ರತಿ ವರ್ಷ ಹೊಸದಾಗಿ ಕರೆ ಬರಬೇಕು. ಕಲಿಸಲು ಗಂಟೆಗಳಿದ್ದರೆ ಕರೆ, ಇಲ್ಲದಿದ್ದರೆ ಇಲ್ಲ. ನನ್ನ ಇತಿಹಾಸದ ಗಂಟೆಗಳು ವರ್ಷದಿಂದ ವರ್ಷಕ್ಕೆ ಬೇಸಿಗೆಯ ಬಾವಿಯ ಹಾಗೆ ಇಳಿಯುತ್ತಿದ್ದವು. ಆಗ ದೇವರು ಕಳಿಸಿದಂತೆ ವಿಶ್ವವಿದ್ಯಾಲಯದಿಂದ ಒಂದು ಸರ್ಟಿಫಿಕೇಟ್ ಕೋರ್ಸು ಇಳಿದು ಬಂತು: 'ಗ್ರಂಥಾಲಯ ಸಂಶೋಧನಾ ಕೌಶಲ ಮತ್ತು ಏಷ್ಯಾ ಅಧ್ಯಯನ'.

ಈ ಎರಡನ್ನು ಒಂದೇ ನೊಗಕ್ಕೆ ಕಟ್ಟಿದವರು ಯಾರು, ಯಾಕೆ ಎಂದು ಯಾರಿಗೂ ತಿಳಿಯದು. ತೀರ್ಥಹಳ್ಳಿಯಿಂದ ದಿನಾ ಕಾರಿನಲ್ಲಿ ಓಡಾಡುವ ನಮ್ಮ ಪ್ರಿನ್ಸಿಪಾಲರನ್ನು ಕೇಳಿದೆ. ಅವರು ಸ್ವಲ್ಪ ಯೋಚಿಸಿ, "ನೋಡಿ ಮೇಡಂ, ನಮ್ಮತ್ರ ಗ್ರಂಥಾಲಯ ಐತೆ. ನಾವಿರೋದು ಏಷ್ಯಾದಾಗೆ. ಇನ್ನೆಂತ ಬೇಕು?" ಎಂದರು. ಇತಿಹಾಸದವರು ಯಾರಾದರೂ ಕಲಿಸಬಹುದು ಎಂದಿತ್ತು. ಇತಿಹಾಸದವಳು ಅಂತ ಇದ್ದವಳು ನಾನೊಬ್ಬಳೇ. ಬೆಳಗಾಗುವುದರೊಳಗೆ ನಾನು ಏಷ್ಯಾ ತಜ್ಞೆಯಾದೆ. ಆವರೆಗೆ ನಾನು ಕಂಡಿದ್ದ ಏಷ್ಯಾ ಹೊಸನಗರದಿಂದ ಧರ್ಮಸ್ಥಳದವರೆಗಿನದು ಮಾತ್ರ.

ಮೊದಲ ತರಗತಿಯಲ್ಲಿ ಗ್ರಂಥಾಲಯದಿಂದ ಈ ಭೂಗೋಳವನ್ನು ತಂದು ಮೇಜಿನ ಮೇಲಿಟ್ಟು, "ನಾವೆಲ್ಲಿದೀವಿ, ಬಂದು ತೋರಿಸಿ" ಎಂದೆ. ಮಕ್ಕಳೆಲ್ಲ ಸಾಲಾಗಿ ಬಂದು ಬೆರಳಿಟ್ಟರು. ಮಳೆಗಾಲದ ತೇವಕ್ಕೆ ಮೊದಲೇ ಉಬ್ಬಿದ್ದ ಕಾಗದ. ಅಷ್ಟು ಬೆರಳು ಒತ್ತಿದ ಮೇಲೆ ಇಂಡಿಯಾ ಎದ್ದು ಬಂತು. ಮುಂದಿನ ವರ್ಷದ ತಂಡಕ್ಕೆ ಇಂಡಿಯಾ ಸಿಗಲಿಲ್ಲ, ಅದರ ಅಕ್ಕಪಕ್ಕ ಒತ್ತಿದರು. ಚೀನಾ ಹೋಯಿತು. ಅದರ ಮುಂದಿನ ವರ್ಷ ಒಬ್ಬ ಜಪಾನನ್ನು ಉಗುರಿನಿಂದ ಕೆರೆದು "ಮೇಡಂ, ಇದು ದೇಶನಾ, ನೊಣದ್ದಾ?" ಎಂದು ಕೇಳಿದ. ಆಮೇಲೆ ಅದೂ ಉಳಿಯಲಿಲ್ಲ, ಸುತ್ತಲಿನದೂ ಉಳಿಯಲಿಲ್ಲ. ಹೀಗೆ ಏಷ್ಯಾ ಅಧ್ಯಯನ ಮುಂದುವರಿದಷ್ಟೂ ಏಷ್ಯಾ ಕಡಿಮೆಯಾಗುತ್ತ ಬಂತು.

ಸಂಶೋಧನಾ ಕೌಶಲದ ಗತಿಯೂ ಹೆಚ್ಚು ಕಡಿಮೆ ಅದೇ. ಕಂಪ್ಯೂಟರಿನಲ್ಲಿ ಹುಡುಕುವಾಗ ಪದಗಳ ನಡುವೆ 'ಮತ್ತು', 'ಅಥವಾ', 'ಅಲ್ಲ' ಎಂಬ ಮೂರು ಸೂತ್ರ ಹಾಕಬೇಕೆಂದು ಪಾಠ. 'ಅಲ್ಲ' ಎಂದು ಯಾವುದರ ಮೊದಲು ಹಾಕುತ್ತೀರೋ ಅದನ್ನು ಯಂತ್ರ ಬಿಟ್ಟುಬಿಡುತ್ತದೆ. ಆ ದಿನ ಕರೆಂಟ್ ಇರಲಿಲ್ಲವಾದ್ದರಿಂದ ಯಂತ್ರದ ಪಾತ್ರವನ್ನು ನಾನೇ ವಹಿಸಿದೆ. ಮೇಗರವಳ್ಳಿಯ ಹುಡುಗಿಯೊಬ್ಬಳು ಎದ್ದು, "ಅಲ್ಲ, ಚೀನಾ ಗೋಡೆ ಎಷ್ಟು ಉದ್ದ?" ಎಂದಳು. ಸೂತ್ರದ ಪ್ರಕಾರ ನಾನು ಚೀನಾ ಗೋಡೆಯನ್ನು ಬಿಟ್ಟು ಉಳಿದದ್ದೆಲ್ಲ ಹೇಳಬೇಕಿತ್ತು. ಮಲೆನಾಡಿನವರಿಗೆ 'ಅಲ್ಲ' ಎನ್ನದೆ ಮಾತು ಶುರುವಾಗುವುದಿಲ್ಲ ಎಂಬುದು ಸೂತ್ರ ಮಾಡಿದವರಿಗೆ ಗೊತ್ತಿರಲಿಲ್ಲ. ಆನಂದಪುರದಿಂದ ಬರುತ್ತಿದ್ದವನೊಬ್ಬ ಪ್ರಬಂಧಕ್ಕೆ 'ಸಿಂಗಾಪುರ ಮತ್ತು ಆನಂದಪುರ: ಒಂದು ತೌಲನಿಕ ಅಧ್ಯಯನ' ಎಂಬ ವಿಷಯ ಆರಿಸಿಕೊಂಡ. ಏನು ಸಾಮ್ಯ ಎಂದರೆ "ಎರಡೂ ಪುರ ಅಲ್ವಾ ಮೇಡಂ" ಎಂದ. ವರದಾ ನದಿ ಹುಟ್ಟುವ ವರದಾಮೂಲದ ಹುಡುಗಿಯೊಬ್ಬಳು ತನ್ನ ಬರಹಕ್ಕೆ ಒಂದೂ ಆಕರ ಕೊಡಲಿಲ್ಲ. "ಯಾವ ಮಾತಿಗೂ ಮೂಲ ಹುಡುಕಬೇಕಮ್ಮ" ಎಂದು ಗದರಿದೆ. "ನದಿಮೂಲ ಋಷಿಮೂಲ ಹುಡುಕ್ಬಾರ್ದು ಅಂತ ನಮ್ಮಜ್ಜ ಹೇಳಿದಾರೆ ಮೇಡಂ. ನಮ್ಗಂತೂ ಹುಡುಕೋ ಕಷ್ಟನೇ ಇಲ್ಲ, ನದಿಮೂಲ ನಮ್ಮನೆ ಎದ್ರಿಗೇ ಇದೆ" ಎಂದಳು. ಅವಳಿಗೆ ಪೂರ್ತಿ ಅಂಕ ಕೊಟ್ಟೆ.

ಇಷ್ಟೆಲ್ಲ ನಡೆಯುತ್ತಿದ್ದದ್ದು ಗ್ರಂಥಪಾಲಕರಾದ ಸುಬ್ರಾಯ ಭಟ್ಟರ ಕೃಪೆಯಲ್ಲಿ. ಭಟ್ಟರು ಒಳ್ಳೆಯವರು. ಪುಸ್ತಕಗಳ ಬಗ್ಗೆ ಅವರಿಗೆ ಹೆಚ್ಚೇನೂ ಗೊತ್ತಿರಲಿಲ್ಲ, ಪುಸ್ತಕ ಒಯ್ದವರ ಬಗ್ಗೆ ಮಾತ್ರ ಬೇಕಾದಷ್ಟು ಗೊತ್ತಿತ್ತು. ಒಂದು ಪುಸ್ತಕ ಕೇಳಿದರೆ ಅದನ್ನು ಒಯ್ದವನ ಮದುವೆ, ಮಾವನ ಮನೆ, ಮಾವ ಸೈಕಲ್ಲಿನಿಂದ ಬಿದ್ದದ್ದು ಎಲ್ಲ ಬಂದು, ಪುಸ್ತಕ ಮಾತ್ರ ಬರುತ್ತಿರಲಿಲ್ಲ. ಹೊರಗಿನವರ ಹತ್ತಿರ ಅವರು ರೇಡಿಯೋದ ವಾರ್ತೆಯಂಥ ಕನ್ನಡ ಆಡುತ್ತಿದ್ದರು. ನನ್ನನ್ನು ತಂಗಿ ಎಂದು ಕರೆಯುತ್ತ ಮನೆಮಾತಾದ ಹವ್ಯಕ ಕನ್ನಡವನ್ನೇ ಆಡುತ್ತಿದ್ದರು. "ಎಂತ ತಂಗಿ, ಆ ಪುಸ್ತಕ ಇಲ್ಲೆ. ಈ ಪುಸ್ತಕ ಇದ್ದು, ಆಗ್ತಾ?" ಎನ್ನುವ ಧಾಟಿ. ಸಾಗರದ ಸೀಮೆ ಕಾಣದವರಿಗೆ ಇಲ್ಲೊಂದು ಮಾತು ಬಿಡಿಸಿ ಹೇಳಬೇಕು. ಅವರ 'ಇದ್ದು' ಎಂದರೆ ನಮ್ಮ 'ಇದೆ'. ಅವರ 'ಇಲ್ಲೆ' ಎಂದರೆ ನಮ್ಮ 'ಇಲ್ಲ'. ನಾವು 'ಇಲ್ಲೇ' ಎಂದು ಎಳೆದರೆ 'ಇದೇ ಜಾಗದಲ್ಲಿ' ಎಂದಾಗುತ್ತದಲ್ಲ, ಅದಕ್ಕೂ ಇದಕ್ಕೂ ನಡುವೆ ಇರುವುದು ಆ ಒಂದು ದೀರ್ಘ ಮಾತ್ರ.

ನನಗೆ ಈ ಮಾತಿನ ಪಾಠ ಆದದ್ದು ಪ್ರೈಮರಿ ಶಾಲೆಯಲ್ಲಿ, ಕಣ್ಣಾಮುಚ್ಚಾಲೆ ಆಡುವಾಗ. ಗೆಳತಿ ಸಾವಿತ್ರಿ ಹವ್ಯಕರ ಮನೆಯವಳು. ತನ್ನ ತಂಗಿಯನ್ನು ಜೊತೆಗೆ ಎಳೆದುಕೊಂಡು ಶಾಲೆಯ ಸೌದೆ ಕೊಟ್ಟಿಗೆಯಲ್ಲಿ ಅಡಗಿದ್ದಳು. ನಾನು ಹತ್ತಿರ ಹೋದಾಗ ಒಳಗಿನಿಂದ ಭಯದ ದನಿ ಬಂತು: "ಎಂಗೊ ಇಲ್ಲಿ ಇಲ್ಲೆ!" ಎಂಗೊ ಅಂದರೆ ನಾವು. ಸಾವಿತ್ರಿಯ ಪ್ರಕಾರ ಅದು 'ನಾವು ಇಲ್ಲಿ ಇಲ್ಲ'. ನನ್ನ ಕಿವಿಗೆ 'ನಾವು ಇಲ್ಲಿ, ಇಲ್ಲೇ'. ಯಾವ ಭಾಷೆಯಲ್ಲಾದರೂ ಅವಳು ಸಿಕ್ಕಿಬೀಳುತ್ತಿದ್ದಳೆನ್ನಿ. ಆದರೂ ಪೆಚ್ಚುಮೋರೆ ಹಾಕಿ, "ನಾ ಇಲ್ಲೆ ಹೇಳಿದ್ನಲೆ, ಮತ್ತೆಂತಕ್ಕೆ ಹುಡುಕಿದೆ?" ಎಂದು ಜಗಳವಾಡಿದಳು.

ನಮ್ಮ ಅಜ್ಜಿಯ ಹತ್ತಿರ ಈ ಪದಕ್ಕೆ ಬೇರೆಯೇ ಅರ್ಥಕೋಶ ಇತ್ತು. ನಮ್ಮದು ಹೊಸನಗರದ ಕಡೆ ಗೇಣಿ ಮಾಡಿಕೊಂಡಿದ್ದ ಮನೆ. ಗದ್ದೆಯ ಒಡೆಯರು ಹವ್ಯಕರು. ಬೀಜದ ಭತ್ತಕ್ಕೋ, ಬಾಣಂತಿಗೆ ತುಪ್ಪಕ್ಕೋ ಅಜ್ಜಿ ಒಡೆಯರ ಅಂಗಳದಲ್ಲಿ ಹೋಗಿ ನಿಂತರೆ ಒಳಗಿನಿಂದ ಬರುತ್ತಿದ್ದ ಮಾತು ಒಂದೇ: "ಇಲ್ಲೆ." ಅಜ್ಜಿ ಅದಕ್ಕೆ ಕೊಡುತ್ತಿದ್ದ ಭಾಷ್ಯ ಇದು: "ಇಲ್ಲೆ ಅಂದ್ರೆ ಇಲ್ಲೇ ಐತೆ, ಕೊಡೂದಿಲ್ಲ, ಅಷ್ಟೆ."

ಆಮೇಲೆ ಉಳುವವನಿಗೇ ಭೂಮಿ ಎಂಬ ಕಾನೂನು ಬಂತು. ಅಜ್ಜ ಡಿಕ್ಲರೇಷನ್ ಹಾಕಿದ. ಗೇಣಿದಾರ ನಾನು ಎಂದು ಸರ್ಕಾರಕ್ಕೆ ಹೇಳಿಕೊಳ್ಳುವುದಕ್ಕೆ ನಮ್ಮ ಕಡೆ ಇರುವ ಮಾತು ಅದು. ವಿಚಾರಣೆಯ ದಿನ ಬಯಲುಸೀಮೆಯ ಸಾಹೇಬರೊಬ್ಬರು ಬಂದಿದ್ದರಂತೆ. ಮುಂದಿನದನ್ನು ಅಜ್ಜಿಯ ಬಾಯಲ್ಲೇ ಕೇಳಬೇಕು. "ಸಾಹೇಬ್ರು ಕೇಳಿದ್ರು, ಈ ಗದ್ದೆಗೆ ಗೇಣಿದಾರ ಅಂತ ಯಾರಾದ್ರೂ ಇದಾರೇನ್ರಿ ಅಂತ. ಒಡೇರಿಗೆ ಹೆದ್ರಿಕೆಗೆ ಮನೆಮಾತೇ ಬಂತು, ಇಲ್ಲೆ ಅಂದ್ರು. ನಿಮ್ಮಜ್ಜ ಅವ್ರ ಮಗ್ಗಲಾಗೇ ನಿಂತಿದ್ದ. ಸಾಹೇಬ್ರು ಅವನ ಮುಖ ನೋಡಿದ್ರು, ಓಹೋ ಇಲ್ಲೇ ಇದಾನಾ, ಅಂತ ಬರ್ಕೊಂಡ್ರು. ಗದ್ದೆ ನಮ್ದಾತು." ವಕೀಲರ ಹತ್ತಿರ ಗುಮಾಸ್ತನಾಗಿರುವ ನನ್ನ ತಮ್ಮ ಇದನ್ನು ಒಪ್ಪುವುದಿಲ್ಲ. ಸಾಕ್ಷಿ, ಮಹಜರು ಎಲ್ಲ ಕ್ರಮವಾಗಿ ಆಗಿಯೇ ಗದ್ದೆ ಬಂದದ್ದು ಎನ್ನುತ್ತಾನೆ. ಇರಬಹುದು. ಆದರೆ ಅಜ್ಜಿಯ ಹತ್ತಿರ ಆಕರ ಕೇಳುವ ಧೈರ್ಯ ಸಂಶೋಧನಾ ಕೌಶಲ ಕಲಿಸುವ ನನಗೂ ಇಲ್ಲ.

ಇನ್ನು ಅಸಲು ಕಥೆಗೆ ಬರುತ್ತೇನೆ. ಮೂರು ತಂಡ ಮುಗಿಯುವ ಹೊತ್ತಿಗೆ ವಿಶ್ವವಿದ್ಯಾಲಯಕ್ಕೆ ನಮ್ಮ ಕೋರ್ಸಿನ ನೆನಪಾಗಿ, ಮುಂದುವರಿಸಬೇಕೋ ಮುಚ್ಚಬೇಕೋ ಎಂದು ನೋಡಿ ಹೇಳಲು ಒಬ್ಬ ಪ್ರೊಫೆಸರರನ್ನು ಕಳಿಸಿತು. ಮುಚ್ಚಿದರೆ ನನ್ನ ಗಂಟೆಗಳೂ ಮುಚ್ಚಿದ ಹಾಗೆ. ಮನೆಸಾಲಕ್ಕೆ ಯಜಮಾನರ ಸಂಬಳ, ಅಡುಗೆಮನೆಗೆ ನನ್ನದು ಎಂದು ನಾವು ಪಾಲು ಮಾಡಿಕೊಂಡವರು. ನಾನು ಎರಡು ದಿನ ನಿದ್ದೆ ಮಾಡಲಿಲ್ಲ. ಪ್ರಿನ್ಸಿಪಾಲರು ಭಟ್ಟರನ್ನು ಕರೆಸಿ, "ಭಟ್ರೆ, ಅವ್ರ ಎದ್ರಿಗೆ ಮಾವನ ಸೈಕಲ್ ಎಲ್ಲ ತೆಗೀಬೇಡಿ. ಇದ್ರೆ ಇದೆ ಅನ್ನಿ, ಇಲ್ದಿದ್ರೆ ಇಲ್ಲ ಅನ್ನಿ. ಅದ್ಕಿಂತ ಒಂದು ಅಕ್ಷರ ಜಾಸ್ತಿ ಬೇಡ" ಎಂದು ಕಟ್ಟಪ್ಪಣೆ ಮಾಡಿದರು. ನನ್ನ ಕಡೆ ತಿರುಗಿ, "ನೀವಂತೂ ಬಾಯೇ ಬಿಡ್ಬೇಡಿ ಮೇಡಂ, ನಗಾಡಿಕೊಂಡು ನಿಂತಿರಿ" ಎಂದರು.

ಪ್ರೊಫೆಸರರು ಚಿತ್ರದುರ್ಗದ ಕಡೆಯವರು. ದೊಡ್ಡ ವಿದ್ವಾಂಸರು, ಜೊತೆಗೆ ಮಗುವಿನಂಥ ಮನಸ್ಸು. ಜಪಾನೀ ಭಾಷೆಯನ್ನು ಜಪಾನಿನವರಿಗಿಂತ ಚೆನ್ನಾಗಿ ಬಲ್ಲರೆಂದು ಪ್ರತೀತಿ. ಜಪಾನಿನವರು ಯಾರೂ ಬಂದು ನಮಗೆ ಹಾಗೆ ಹೇಳಿರಲಿಲ್ಲ ಅನ್ನುವುದು ಬೇರೆ. ಗ್ರಂಥಾಲಯದ ಬಾಗಿಲಲ್ಲಿ ಭಟ್ಟರು ಹೊಸ ಪಂಚೆಯುಟ್ಟು ಕೈಕಟ್ಟಿ ನಿಂತಿದ್ದರು. ಅವರ ಹಣೆಯ ಬೆವರು ನೋಡಿಯೇ ನನಗೆ, ಹೆದರಿದರೆ ಯಾವ ಮಾತು ಬರುತ್ತದೆಂದು ಅಜ್ಜಿ ಹೇಳಿದ್ದು ನೆನಪಾಯಿತು.

"ಜಪಾನಿನ ಇತಿಹಾಸದ ಪುಸ್ತಕ ಇದೆಯಾ?" ಪ್ರೊಫೆಸರರು ಕೇಳಿದರು.

"ಇದ್ದು," ಎಂದರು ಭಟ್ಟರು.

ಪ್ರೊಫೆಸರರು ಕಾದರು. ಅವರ ಕನ್ನಡದಲ್ಲಿ 'ಇದ್ದು' ಎಂದರೆ ಮಾತು ಇನ್ನೂ ಮುಗಿದಿಲ್ಲ. ಇದ್ದು ಬಂತು, ಇದ್ದು ಹೋಯಿತು, ಏನಾದರೂ ಒಂದು ಆಗಬೇಕು. ಭಟ್ಟರು ಒಂದಕ್ಷರ ಜಾಸ್ತಿ ಆಡಬಾರದೆಂದು ತುಟಿ ಬಿಗಿಹಿಡಿದಿದ್ದರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತ ನಿಂತರು. ಫ್ಯಾನು ಕಿರ್ರೆನ್ನುತ್ತಿತ್ತು.

"ಇದ್ದು... ಏನಾಯ್ತು?" ಪ್ರೊಫೆಸರರೇ ಕೊನೆಗೆ ಕೇಳಿದರು.

"ಎಂತೂ ಆಯ್ದಿಲ್ಲೆ," ಎಂದರು ಭಟ್ಟರು ಗಾಬರಿಯಿಂದ. "ಇದ್ದು."

ಪ್ರೊಫೆಸರರ ಹುಬ್ಬು ಮೇಲೇರಿತು. ಯಾವುದೋ ಹೊಸ ಬೋಧನಾ ಕ್ರಮ ಇರಬೇಕೆಂದು ಅವರು ಆಗಲೇ ಸಂಶಯಪಟ್ಟರೆಂದು ಕಾಣುತ್ತದೆ. "ಚೀನಾದ ಬಗ್ಗೆ?" ಎಂದರು.

"ಇಲ್ಲೆ."

ಪ್ರೊಫೆಸರರು ಬಗ್ಗಿ ಭಟ್ಟರ ಮೇಜು ನೋಡಿದರು. ಅಲ್ಲಿ ಎಲೆಯಡಿಕೆಯ ಸಂಚಿಯಿತ್ತು. ಭಟ್ಟರ ಮೊಣಕೈ ಎತ್ತಿ ಅದರಡಿ ನೋಡಿದರು. ಕುರ್ಚಿಯ ಕೆಳಗೆ ಕೊಡೆ ಇತ್ತು. "ಎಲ್ಲಿ?" ಎಂದರು.

"ಎಲ್ಲೂ ಇಲ್ಲೆ," ಎಂದರು ಭಟ್ಟರು. ಅವರ ದನಿ ಅಳುವ ಹಾಗಾಗಿತ್ತು.

ಪ್ರೊಫೆಸರರು ನೆಟ್ಟಗೆ ನಿಂತರು. ಅವರ ಮುಖದ ಮೇಲೆ ನಿಧಾನಕ್ಕೆ ಬೆಳಕು ಹರಡಿದ್ದನ್ನು ನಾನು ಕಣ್ಣಾರೆ ಕಂಡೆ. "ಎಲ್ಲೂ... ಇಲ್ಲೇ," ಎಂದು ತಮ್ಮಷ್ಟಕ್ಕೆ ಹೇಳಿಕೊಂಡು ಕಣ್ಣು ಮುಚ್ಚಿದರು. ಇಂಥ ಮಾತನ್ನು ಕೇಳಲು ಜನ ಜಪಾನಿನ ಬೆಟ್ಟದ ಮಠಗಳಿಗೆ ಹೋಗಿ ವರ್ಷಗಟ್ಟಲೆ ಕಸ ಗುಡಿಸುತ್ತಾರಂತೆ. ನಾನು ನಿಜ ಹೇಳೋಣವೆಂದು ಬಾಯಿ ತೆರೆದೆ. ಪ್ರಿನ್ಸಿಪಾಲರು ಬೂಟುಗಾಲಿನಿಂದ ನನ್ನ ಕಾಲು ತುಳಿದರು. ನಗಾಡಿಕೊಂಡು ನಿಂತೆ.

"ಒಳಗೆ ಹೋಗಿ ನೋಡಬಹುದೋ?" ಪ್ರೊಫೆಸರರು ಈಗ ಶಿಷ್ಯನಂತೆ ವಿನಯದಿಂದ ಕೇಳಿದರು.

"ಅಡ್ಡಿಲ್ಲೆ," ಎಂದರು ಭಟ್ಟರು. ಆಗಬಹುದು, ಅಡ್ಡಿಯೇನೂ ಇಲ್ಲ ಎಂದು ಅದರರ್ಥ.

ಪ್ರೊಫೆಸರರು ಎತ್ತಿದ ಕಾಲನ್ನು ಅಲ್ಲೇ ನಿಲ್ಲಿಸಿದರು. "ಅಡ್ಡಿ... ಇಲ್ಲೇ?" ಎಂದು ನೆಲ ನೋಡಿದರು. ಬಾಗಿಲಲ್ಲಿ ಏನೂ ಇರಲಿಲ್ಲ. ಆದರೂ ಭಟ್ಟರ ಮಾತಿಗೆ ಮರ್ಯಾದೆ ಕೊಟ್ಟು, ಇಲ್ಲದ ಅಡ್ಡಿಯನ್ನು ಮೊಣಕಾಲೆತ್ತರಕ್ಕೆ ಕಾಲೆತ್ತಿ ದಾಟಿದರು. ಹಿಂದಿದ್ದ ಪ್ರಿನ್ಸಿಪಾಲರೂ ಯಾಕಿದ್ದೀತೆಂದು ಕಾಲೆತ್ತಿ ದಾಟಿದರು. ನನಗೆ ಸೀರೆ. ಆದರೂ ದಾಟಿದೆ. ಕೊನೆಗೆ ಭಟ್ಟರೂ ತಮ್ಮದೇ ಗ್ರಂಥಾಲಯದ ಬಾಗಿಲನ್ನು ಹೊಸ ಪಂಚೆ ಎತ್ತಿ ಹಾರಿ ಒಳಗೆ ಬಂದರು.

ಒಳಗೆ ಕಪಾಟಿನ ಮೇಲೆ ಈ ಭೂಗೋಳ ಇತ್ತು. ಪ್ರೊಫೆಸರರು ತಿರುಗಿಸಿದರು. ಇನ್ನೊಮ್ಮೆ ತಿರುಗಿಸಿದರು. ನಾನು ಮನಸ್ಸಿನಲ್ಲೇ ಕುಲದೇವರಿಗೆ ಕಾಯಿ ಹರಸಿಕೊಂಡೆ. ಏಷ್ಯಾ ಅಧ್ಯಯನ ಕಲಿಸುವವರ ಭೂಗೋಳದಲ್ಲಿ ಏಷ್ಯಾವೇ ಇಲ್ಲವೆಂದ ಮೇಲೆ ಯಾವ ಕೋರ್ಸು ಉಳಿದೀತು?

"ಏಷ್ಯಾ?" ಎಂದು ಅವರು ಭಟ್ಟರನ್ನೇ ಕೇಳಿದರು.

ಭಟ್ಟರು ತಲೆತಗ್ಗಿಸಿದರು. "ಏಷ್ಯಾ ಇಲ್ಲೆ."

ಪ್ರೊಫೆಸರರು ಆ ಬೋಳು ಜಾಗದ ಮೇಲೆ ಅಂಗೈಯಿಟ್ಟು ಕಣ್ಣಿಗೊತ್ತಿಕೊಂಡರು. ಆಮೇಲೆ ಸ್ಟಾಫ್ ರೂಮಿನಲ್ಲಿ ಕಾಗದದಷ್ಟು ತೆಳ್ಳಗಿನ ನಮ್ಮ ಸಿಹಿತಿಂಡಿ ತೊಡೆದೇವು ತಿನ್ನುತ್ತ, "ಈ ಗ್ರಂಥಾಲಯ ವಿದ್ಯಾರ್ಥಿಗೆ ಉತ್ತರ ಕೊಡಾಂಗಿಲ್ಲ, ಅರ್ಧ ವಾಕ್ಯ ಕೊಡತೈತಿ. ಉಳಿದರ್ಧ ಅವನೇ ಹುಡುಕ್ಕೋಬೇಕು. ಇದಕ್ಕಿಂತ ಸಂಶೋಧನಾ ಕೌಶಲ ಇನ್ನೇನೈತಿ?" ಎಂದು ಭಾವುಕರಾದರು. ಕೋರ್ಸು ಮುಂದುವರಿಯುವುದೆಂದು ಅಲ್ಲೇ ಘೋಷಿಸಿದರು. ಭಟ್ಟರು ಇದೆಲ್ಲ ಏನೆಂದು ತಿಳಿಯದೆ ನನ್ನ ಹತ್ತಿರ, "ನಾ ಎಂತ ಹೇಳ್ದೆ ತಂಗಿ?" ಎಂದು ಕೇಳಿದರು. ಹೇಗೆ ಹೇಳುವುದು? ನಾನು ಬಸ್ಸಿನಲ್ಲಿ ಒಬ್ಬಳೇ ನಗುತ್ತ ಮನೆಗೆ ಬಂದೆ. ಪಕ್ಕದಲ್ಲಿದ್ದ ಹೆಂಗಸು ಎದ್ದು ಬೇರೆ ಸೀಟಿಗೆ ಹೋದಳು.

ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಬೇಸಿಗೆ ರಜೆಯಲ್ಲಿ ಪ್ರೊಫೆಸರರಿಂದ ಫೋನು ಬಂತು. ಲೈನು ಸರಿಯಿರಲಿಲ್ಲ, ನಾನು ಅಂಗಳದ ಮೂಲೆಯ ಬಾಳೆಗಿಡದ ಹತ್ತಿರ ಓಡಿದೆ. ನಮ್ಮಲ್ಲಿ ಸಿಗ್ನಲ್ ಇರುವುದು ಅದರ ಕೆಳಗೆ.

"ಮೇಡಂ, ಮುಂದಿನ ವರ್ಷ ಕೋರ್ಸಿಗೆ ನೀವು ಇರ್ತೀರಲ್ಲಾ?"

"ಇಲ್ಲೇ ಸಾರ್!" ಎಂದೆ. ಇಲ್ಲೇ ಇರ್ತೀನಿ, ಇನ್ನೆಲ್ಲಿಗೆ ಹೋಗ್ಲಿ ಎನ್ನುವ ಉತ್ಸಾಹ.

ಆ ಕಡೆಯಿಂದ ಪ್ರಶ್ನೆ ಬಂತು: "ಇಲ್ಲೆ?"

"ಇಲ್ಲೇ ಸಾರ್, ಇಲ್ಲೇ."

"ಛೆ," ಎಂದರು ಅವರು. ಆಮೇಲೆ ಬಹಳ ಮೃದುವಾಗಿ, "ಅಡ್ಡಿಲ್ಲೆ," ಎಂದು ಫೋನಿಟ್ಟರು.

ಬಯಲುಸೀಮೆಯ ದೊಡ್ಡ ಮನುಷ್ಯರು ನಮ್ಮ ಸೀಮೆಯ ಮಾತು ಕಲಿತು ಆಡಿದರಲ್ಲ ಎಂದು ನನಗೆ ಕಣ್ಣಲ್ಲಿ ನೀರೇ ಬಂತು. ಯಜಮಾನರಿಗೆ ಹೇಳಿದೆ. ಅವರು ಸಂಜೆಗೆ ಜಿಲೇಬಿ ತಂದರು.

ನಡೆದದ್ದು ಇಷ್ಟು. ನಮ್ಮ ಗ್ರಂಥಾಲಯದ ತತ್ವಜ್ಞಾನದ ಬಗ್ಗೆ ಪ್ರೊಫೆಸರರು ಎಲ್ಲೋ ಒಂದು ಸಭೆಯಲ್ಲಿ ಭಾಷಣ ಮಾಡಿದ್ದಾರೆ. ಸಭೆಯಲ್ಲಿದ್ದ ಸಿದ್ದಾಪುರದ ಹವ್ಯಕರೊಬ್ಬರು ಎದ್ದು, "ಸಾರ್, ಇಲ್ಲೆ ಅಂದ್ರೆ ಇಲ್ಲ ಅಂತ" ಎಂದಿದ್ದಾರೆ. ಪಾಪ, ಪ್ರೊಫೆಸರರಿಗೆ ಹೇಗಾಗಿರಬೇಡ! ಆದರೂ ಸಿಟ್ಟಾಗಲಿಲ್ಲ, ಕೋರ್ಸನ್ನು ಮುಚ್ಚಲಿಲ್ಲ. ಇನ್ನು ಮುಂದೆ ಸಾಗರದ ಕಡೆಯವರು ಇಲ್ಲೆ ಎಂದರೆ ಇಲ್ಲ ಎಂದೇ ತಿಳಿಯಬೇಕೆಂದು ಗಟ್ಟಿ ಮಾಡಿಕೊಂಡರು. ಹಾಗೆ ಗಟ್ಟಿ ಮಾಡಿಕೊಂಡ ಮೇಲೆ ಅವರು ಮೊದಲು ಮಾತಾಡಿದ ಸಾಗರದವಳು ನಾನು.

ಕಾಲೇಜು ಶುರುವಾದ ದಿನ ಪ್ರಿನ್ಸಿಪಾಲರು ನನ್ನನ್ನು ನೋಡಿ ಆಶ್ಚರ್ಯಪಟ್ಟರು. "ಮೇಡಂ, ನೀವೇ ಬೇಡ ಅಂದ್ರಂತಲ್ಲ? ಬೇರೆಯವ್ರು ಬಂದು ಸೇರಿಯೂ ಆಯ್ತು."

ನಾನು ಎಲ್ಲ ಹೇಳಿದೆ. ದೀರ್ಘ ಎಳೆದು ತೋರಿಸಿದೆ, ಎಳೆಯದೆ ತೋರಿಸಿದೆ. ಅವರು ತಾಳ್ಮೆಯಿಂದ ಕೇಳಿದರು. "ಮೇಡಂ, ಇದನ್ನ ನಾನು ವಿಶ್ವವಿದ್ಯಾಲಯಕ್ಕೆ ಹೆಂಗೆ ಹೇಳ್ಲಿ? ನಮ್ಮ ಮೇಡಂ ಎಳ್ದಿದ್ರು, ನಿಮ್ಗೆ ಗಿಡ್ಡ ಕೇಳಿಸ್ತು ಅಂತ್ಲಾ?" ಪ್ರೊಫೆಸರರಿಗೇ ಫೋನು ಮಾಡಿದೆ. ಅವರು ಒದ್ದಾಡಿಹೋದರು. ಮುಂದಿನ ವರ್ಷ ಖಂಡಿತ ನೋಡೋಣ ಎಂದರು. ಕೊನೆಗೆ ತಡೆಯಲಾರದೆ, "ಅಂದ್ರೆ ಭಟ್ರು ಅಂದಿದ್ದು ಖರೇನೇ ಹ್ರಸ್ವನಾ?" ಎಂದು ಕೇಳಿದರು. ಅವರಿಗೆ ಆ ಒಂದು ಆಸೆ ಇನ್ನೂ ಇತ್ತು.

ಅವತ್ತು ನಾನು ಅತ್ತೆ. ಗ್ರಂಥಾಲಯದ ಹಿಂದಿನ ಬೆಂಚಿನಲ್ಲಿ ಕೂತು, ಮೂಗು ಒರೆಸಲು ಕರವಸ್ತ್ರವೂ ಇಲ್ಲದೆ, ಚೆನ್ನಾಗಿ ಅತ್ತೆ. ನಗುವ ಕಥೆಯ ನಡುವೆ ಅಳುವುದಕ್ಕೆ ಜಾಗ ಇರುವುದಿಲ್ಲ ಎಂದು ಯಾರು ಹೇಳಿದರು? ಮಕ್ಕಳ ಮುಂದೆ ಯಂತ್ರವಾಗಿ, ಏಷ್ಯಾವಾಗಿ ನಿಂತ ಆ ಗಂಟೆಗಳು ನನಗೆ ನಿಜಕ್ಕೂ ಬೇಕಾಗಿದ್ದವು. ಭಟ್ಟರು ಬಂದು ಪಕ್ಕದಲ್ಲಿ ನಿಂತರು. ತಾವೇ ಆಡಿದ ಪದದಿಂದ ಇಷ್ಟೆಲ್ಲ ಆಯಿತೆಂದು ಅವರಿಗೆ ಯಾರೋ ಹೇಳಿದ್ದರು. ಒಳಗೆ ಹೋಗಿ ಭೂಗೋಳ ತಂದು ನನ್ನ ತೊಡೆಯ ಮೇಲಿಟ್ಟರು.

"ತಗಂಡು ಹೋಗು ತಂಗಿ. ಇದ್ರಲ್ಲಿ ಏಷ್ಯಾ ಇಲ್ಲೆ, ರೈಟ್ ಆಫ್ ಆಯ್ದು. ಇನ್ನು ಯಾರೂ ಕೇಳ್ತ್ವಿಲ್ಲೆ."

ಈಗ ನನಗೆ ಹೊಸನಗರದ ಕಾಲೇಜಿನಲ್ಲಿ ವಾರಕ್ಕೆ ಕೆಲವು ಗಂಟೆ ಇತಿಹಾಸ ಸಿಕ್ಕಿದೆ. ಅತಿಥಿಯೇ, ಆದರೆ ತವರೂರಿನಲ್ಲಿ ಅತಿಥಿ. ಭೂಗೋಳ ಫ್ರಿಜ್ಜು ಹತ್ತುವ ಮೊದಲು, ಅಜ್ಜಿಯನ್ನು ನೋಡಲು ತಮ್ಮನ ಮನೆಗೆ ಹೋದಾಗ ಅದು ನನ್ನ ಚೀಲದಲ್ಲೇ ಇತ್ತು. ಕೆಲಸ ಹೋದದ್ದನ್ನು ಅವಳಿಗೆ ಹೇಳಿದೆ. ಹೇಗೆ ಹೋಯಿತೆಂಬುದನ್ನೂ ಹೇಳಿದೆ. ಅಜ್ಜಿಗೆ ಅದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. "ಅವತ್ತು ಅದೇ ಮಾತಿಂದ ಗದ್ದೆ ಬಂತು, ಇವತ್ತು ಕೆಲ್ಸ ಹೋತು. ಗದ್ದೆ ದೊಡ್ಡದು, ಬಿಡು" ಎಂದಳು. ಅವಳಿಗೆ ಈಗ ಕಣ್ಣು ಮಂಜು. ಚೀಲದಿಂದ ತೆಗೆದು ಭೂಗೋಳವನ್ನು ಮಡಿಲಲ್ಲಿಟ್ಟೆ.

"ಎಂತದೇ ಇದು, ಕುಂಬಳಕಾಯಾ?"

"ಅಲ್ಲ ಅಜ್ಜಿ, ಭೂಮಿ. ಭಟ್ರು ಕೊಟ್ರು."

ಅಜ್ಜಿಯ ಕೈ ನಿಂತಿತು. "ಭಟ್ರು ಭೂಮಿ ಕೊಟ್ರಾ? ಡಿಕ್ಲರೇಷನ್ ಹಾಕ್ದೇನೇ?"

"ಹಾಕ್ದೇನೇ. ಇಲ್ಲೆ ಅಂತ ಹೇಳಿ, ತಗೊಂಡು ಹೋಗು ಅಂದ್ರು."

"ಇಲ್ಲೆ ಅಂದೂ ಕೊಟ್ರಾ!" ಎಂದಳು ಅಜ್ಜಿ. ಅವಳ ಇಷ್ಟು ವರ್ಷಗಳ ಅರ್ಥಕೋಶದಲ್ಲಿ ಹಾಗೊಂದು ಅರ್ಥವಿರಲಿಲ್ಲ. ನಿಧಾನವಾಗಿ ಅಂಗೈಯಿಂದ ಭೂಗೋಳವನ್ನೆಲ್ಲ ಸವರಿದಳು. ಬೆಟ್ಟ, ಸಮುದ್ರ ಎಲ್ಲ ದಾಟಿ ಬೋಳು ಜಾಗ ಬಂದಾಗ ಬೆರಳು ತಡೆಯಿತು.

"ನಮ್ ಗದ್ದೆ ಎಲ್ಲಿ ಬರ್ತದೆ ಇದ್ರಾಗೆ?"

ಅವಳ ಬೆರಳನ್ನು ಹಿಡಿದು ಅಲ್ಲೇ ಒತ್ತಿದೆ. "ಇಲ್ಲೇ ಅಜ್ಜಿ," ಎಂದೆ. ಈ ಸಲ ದೀರ್ಘವನ್ನು ಉಸಿರಿರುವಷ್ಟೂ ಎಳೆದೆ.